ಬಾಯ್ಲರ್ ಕವರ್ ತಗೋಬೇಕಾ ಅಂತ ಗೆಳತಿ ಕೇಳಿದಳು

ಕಳೆದ ವಾರ ಗೆಳತಿಯೊಬ್ಬಳು ಇಂಗ್ಲೆಂಡಿನ ಸ್ವಿಂಡನ್‌ನಿಂದ ಫೋನ್ ಮಾಡಿದ್ದಳು. ಹೊಸದಾಗಿ ಮನೆ ಕೊಂಡಿದ್ದಾರೆ. ಐದು ತಿಂಗಳ ಮಗು ಇದೆ. ಸಾಮಾನಿನ ಪೆಟ್ಟಿಗೆಗಳನ್ನೇ ಇನ್ನೂ ಪೂರ್ತಿ ಬಿಚ್ಚಿಲ್ಲ, ಅಷ್ಟರಲ್ಲಿ ಅಂಚೆಯಲ್ಲಿ ಬಾಯ್ಲರ್ ಕವರ್‌ನ ಜಾಹೀರಾತು ಬಂದಿದೆ. ತಿಂಗಳಿಗೆ ಇಷ್ಟು ಪೌಂಡ್ ಕಟ್ಟಿ, ಮನೆ ಬೆಚ್ಚಗಿಟ್ಟು ಬಿಸಿನೀರು ಕೊಡುವ ನಿಮ್ಮ ಬಾಯ್ಲರ್ ಕೆಟ್ಟರೆ ನಾವು ಬಂದು ರಿಪೇರಿ ಮಾಡುತ್ತೇವೆ ಅಂತ. "ತಗೋಬೇಕಾ ಬೇಡವಾ, ಒಂದೇ ಮಾತಲ್ಲಿ ಹೇಳು" ಅಂದಳು. ತಗೋ ಅಂದೆ. "ನಿಮ್ಮನೆಗೂ ಇದೆಯಾ?" ಅಂದಳು. ಇಲ್ಲ, ನಾವು 2023ರಲ್ಲೇ ನಿಲ್ಲಿಸಿದೆವು ಅಂದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನಾನು ಬೇಡ ಅಂತ ಬಿಟ್ಟಿದ್ದನ್ನು ಅವಳಿಗೆ ಯಾಕೆ ತಗೋ ಅನ್ನುತ್ತಿದ್ದೇನೆ ಅಂತ ಅನುಮಾನ ಬರೋದು ಸಹಜ ಅಲ್ವಾ. ಅಷ್ಟರಲ್ಲಿ ಮಗು ಎದ್ದು ಅತ್ತಿತು, ಫೋನ್ ಇಟ್ಟಳು. ಅವತ್ತು ಹೇಳಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾವಿರೋದೂ ಇಂಗ್ಲೆಂಡಿನಲ್ಲೇ, ರೆಡಿಂಗ್‌ನಲ್ಲಿ. ಬಾಡಿಗೆ ಮನೆಯಲ್ಲಿದ್ದ ಏಳು ವರ್ಷ ನಮ್ಮ ಪಾಲಿಗೆ ಬಾಯ್ಲರ್ ಅಂದರೆ ಅಡುಗೆಮನೆ ಕಪಾಟಿನ ಒಳಗಿದ್ದ ಒಂದು ಬಿಳಿ ಡಬ್ಬ, ಅಷ್ಟೇ. ಕೆಟ್ಟರೆ ಏಜೆಂಟರಿಗೆ ಇಮೇಲ್ ಹಾಕುತ್ತಿದ್ದೆವು, ಯಾರೋ ಬಂದು ಸರಿ ಮಾಡಿ ಹೋಗುತ್ತಿದ್ದರು. ಇಲ್ಲಿ 1985ರ ಬಾಡಿಗೆ ಕಾಯ್ದೆಯ ಪ್ರಕಾರ ಮನೆ ಬೆಚ್ಚಗಿಡುವ, ಬಿಸಿನೀರು ಕೊಡುವ ವ್ಯವಸ್ಥೆ ಕೆಟ್ಟರೆ ಸರಿ ಮಾಡಿಸಬೇಕಾದದ್ದು ಮನೆ ಮಾಲೀಕರು. ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ಅದರ ಕಾಗದ ಕೊಡಬೇಕಾದದ್ದೂ ಅವರೇ. ಹಾಗಾಗಿ ಬಾಡಿಗೆಗೆ ಇರುವವರು ಯಾರಾದರೂ ಬಾಯ್ಲರ್ ಕವರ್‌ಗೆ ದುಡ್ಡು ಕಟ್ಟುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅದು ನಿಮ್ಮ ಖರ್ಚೇ ಅಲ್ಲ.

2019ರ ಅಕ್ಟೋಬರ್‌ನಲ್ಲಿ ನಮ್ಮದೇ ಮನೆ ಕೊಂಡೆವು. ಬೀಗದ ಕೈ ಸಿಕ್ಕಿದ ದಿನ ಆ ಬಿಳಿ ಡಬ್ಬವೂ ನಮ್ಮದಾಯಿತು. ಒಂಬತ್ತು ವರ್ಷ ಹಳೆಯದು. ತಯಾರಕರ ವಾರಂಟಿ ಎಂದೋ ಮುಗಿದಿತ್ತು.

ಊರಲ್ಲಿ ಕೂತು ಓದುವವರಿಗೆ ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ನಮ್ಮತ್ತೆ ಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಬಚ್ಚಲಲ್ಲಿ ತಾಮ್ರದ ಹಂಡೆ, ಕೆಳಗೆ ಒಲೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಒಣಗಿದ ಅಡಿಕೆ ಹಾಳೆ, ಕೈಗೆ ಸಿಕ್ಕಿದ್ದನ್ನು ಒಲೆಗೆ ಹಾಕಿದರೆ ನೀರು ಕಾಯುತ್ತದೆ. ಕೆಡೋದಕ್ಕೆ ಅದರಲ್ಲಿ ಏನೂ ಇಲ್ಲ. ಬೆಂಗಳೂರಿನ ಮನೆಯಲ್ಲಿ ಗೀಸರ್ ಕೆಟ್ಟರೆ ಒಂದು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮುಗಿಸುತ್ತೇವೆ, ಮೆಕ್ಯಾನಿಕ್ ನಾಳೆ ಬಂದರೂ ನಡೆಯುತ್ತದೆ. ಇಲ್ಲಿ ಬಾಯ್ಲರ್ ಅಂದರೆ ಸ್ನಾನದ ನೀರು ಮಾತ್ರ ಅಲ್ಲ. ಗ್ಯಾಸ್ ಉರಿಸಿ ನೀರು ಬಿಸಿ ಮಾಡಿ, ಆ ನೀರನ್ನು ಪೈಪಿನಲ್ಲಿ ಪ್ರತಿ ಕೋಣೆಯ ರೇಡಿಯೇಟರ್‌ಗೂ ಸುತ್ತಿಸಿ ಇಡೀ ಮನೆಯನ್ನು ಬೆಚ್ಚಗಿಡುವುದೂ ಅದೇ. ನಮ್ಮದು ಕಾಂಬಿ ಬಾಯ್ಲರ್. ಅದಕ್ಕೆ ಬಿಸಿನೀರಿನ ಟ್ಯಾಂಕ್ ಇರೋದಿಲ್ಲ, ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ಕಾಯಿಸಿ ಕೊಡುತ್ತದೆ. ಅದು ನಿಂತರೆ ಬಿಸಿನೀರೂ ಇಲ್ಲ, ಬೆಚ್ಚಗಿನ ಕೋಣೆಯೂ ಇಲ್ಲ. ಜನವರಿಯಲ್ಲಿ ಹಾಗೆ ಎರಡು ದಿನ ಕಳೆದರೆ ಮನೆಯ ಗೋಡೆಯೇ ತಣ್ಣಗೆ ಕೊರೆಯೋಕೆ ಶುರುವಾಗುತ್ತದೆ.

ಮನೆ ಕೊಂಡ ವಾರವೇ ಕವರ್ ತಗೊಂಡೆವು. ತಿಂಗಳಿಗೆ 14 ಪೌಂಡ್. ಪ್ರತಿ ಸಲ ರಿಪೇರಿಗೆ ಬಂದಾಗ ಮೊದಲ 60 ಪೌಂಡ್ ನಾವು ಕೊಡಬೇಕು, ಅದಕ್ಕೆ ಎಕ್ಸೆಸ್ ಅನ್ನುತ್ತಾರೆ. ವರ್ಷಕ್ಕೊಂದು ಸರ್ವೀಸ್ ಅದರಲ್ಲೇ ಸೇರಿತ್ತು. ಆ ತೀರ್ಮಾನದ ಬಗ್ಗೆ ನನಗೆ ಇವತ್ತಿಗೂ ಬೇಸರ ಇಲ್ಲ. ಕೂಡಿಟ್ಟಿದ್ದೆಲ್ಲ ಮನೆಯ ಡಿಪಾಸಿಟ್‌ಗೆ ಹೋಗಿತ್ತು. ಬಾಯ್ಲರ್ ಸತ್ತೇಹೋಗಿದ್ದರೆ ಹೊಸದನ್ನು ಹಾಕಿಸೋಕೆ ಎರಡು ಮೂರು ಸಾವಿರ ಪೌಂಡ್ ಎಲ್ಲಿಂದ ತರಬೇಕಿತ್ತು ಗೊತ್ತಿಲ್ಲ. ಅದಕ್ಕಿಂತ ಮುಖ್ಯ, ಆ ಬೀದಿಯಲ್ಲಿ ನಮಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ.

ಮರುವರ್ಷ ಒಂದು ಸಲ ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು, ರೇಡಿಯೇಟರ್ ಮಾತ್ರ ತಣ್ಣಗೆ. ಬಿಸಿನೀರನ್ನು ಒಮ್ಮೆ ನಲ್ಲಿಗೆ, ಒಮ್ಮೆ ರೇಡಿಯೇಟರ್‌ಗೆ ತಿರುಗಿಸುವ ಡೈವರ್ಟರ್ ವಾಲ್ವ್ ಅಂತ ಒಂದಿರುತ್ತದೆ, ಅದು ಸಿಕ್ಕಿಕೊಂಡಿತ್ತು. ಕವರ್‌ನವರು ಎರಡು ದಿನದಲ್ಲಿ ಬಂದು ಬದಲಾಯಿಸಿಕೊಟ್ಟರು. 60 ಪೌಂಡ್‌ನಲ್ಲಿ ಮುಗಿಯಿತು. ಅವತ್ತು ಕವರ್ ಇದ್ದದ್ದು ಒಳ್ಳೆಯದಾಯಿತು ಅಂತ ಗಂಡ ಹೆಂಡತಿ ಇಬ್ಬರೂ ಹೇಳಿಕೊಂಡೆವು.

ಆಮೇಲೆ ಬಂತು 2022ರ ಡಿಸೆಂಬರ್. ಇಲ್ಲಿರುವವರಿಗೆಲ್ಲ ನೆನಪಿರುತ್ತದೆ. ಗ್ಯಾಸ್ ಕರೆಂಟ್ ಬಿಲ್ ಏರಿ ಎಲ್ಲರೂ ಥರ್ಮೋಸ್ಟಾಟ್ ಇಳಿಸಿಕೊಂಡು ಕೂತಿದ್ದ ಚಳಿಗಾಲ ಅದು. ತಿಂಗಳ ಎರಡನೇ ವಾರ ಇಡೀ ಬ್ರಿಟನ್ ಹೆಪ್ಪುಗಟ್ಟಿತು. ಸ್ಕಾಟ್ಲೆಂಡಿನ ಬ್ರೇಮಾರ್‌ನಲ್ಲಿ ಮೈನಸ್ 17.3 ಡಿಗ್ರಿಗೆ ಇಳಿಯಿತು. 11ರ ರಾತ್ರಿ ಲಂಡನ್ ಸುತ್ತಮುತ್ತ ಹಿಮ ಬಿತ್ತು. ಆ ವಾರ ಅತ್ತೆ ಮಾವ ನಮ್ಮ ಮನೆಯಲ್ಲಿದ್ದರು. ಅತ್ತೆಗೆ ಮೊದಲೇ ಕೀಲು ನೋವು.

ಬೆಳಗಿನ ಐದೂವರೆಗೆ ಬಾಯ್ಲರ್ ಗುಳುಗುಳು ಅಂತ ಸದ್ದು ಮಾಡಿ ನಿಂತಿತು. ಪರದೆಯ ಮೇಲೆ ಯಾವುದೋ ಕೋಡ್. ಮತ್ತೆ ಹಚ್ಚಿದರೆ ಒಂದು ನಿಮಿಷ ಉರಿದು ಮತ್ತೆ ನಿಲ್ಲುತ್ತದೆ. ಅತ್ತೆ ಶಾಲು ಹೊದ್ದುಕೊಂಡು ಅಡುಗೆಮನೆಗೆ ಬಂದು "ಎಂತ ಆಯ್ತು ಮಾರಾಯ್ತಿ?" ಅಂದರು. ಕವರ್‌ನವರ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ ಇಟ್ಟೆ. ಐವತ್ತು ನಿಮಿಷ ಸಂಗೀತ ಕೇಳಿದ ಮೇಲೆ ಒಬ್ಬರು ಸಿಕ್ಕಿದರು. ಆಕೆ ತುಂಬ ಮರ್ಯಾದೆಯಿಂದಲೇ ಮಾತಾಡಿದರು. ದೇಶಾದ್ಯಂತ ಇದೇ ತೊಂದರೆ, ಮನೆಯಲ್ಲಿ ವಯಸ್ಸಾದವರು ಇದ್ದಾರೆ ಅಂತ ಬರೆದುಕೊಂಡಿದ್ದೇನೆ, ಆದರೂ ನಾಲ್ಕು ದಿನ ಆಗುತ್ತದೆ ಅಂದರು.

ನಾಲ್ಕು ದಿನ. ಮಾವ ಕೋಟು ಹಾಕಿಕೊಂಡೇ ಸೋಫಾ ಮೇಲೆ ಕೂತಿದ್ದರು.

ಆಗ ಬಾಗಿಲು ತಟ್ಟಿದ್ದು ಪಕ್ಕದ ಮನೆಯ ಅಜ್ಜಿ. ಎಂಬತ್ತು ದಾಟಿದವರು, ಒಬ್ಬರೇ ಇರುತ್ತಾರೆ. ನಮ್ಮ ಕಸದ ಡಬ್ಬ ಹೊರಗಿಟ್ಟಿಲ್ಲ ಅಂತ ನೆನಪಿಸೋಕೆ ಬಂದಿದ್ದರು. ವಿಷಯ ಕೇಳಿ ಮನೆಗೆ ಹೋಗಿ ಒಂದು ಎಣ್ಣೆ ಹೀಟರ್ ತಳ್ಳಿಕೊಂಡು ಬಂದರು. ಜೊತೆಗೆ ಬಾಯ್ಲರ್‌ನಿಂದ ಹೊರಗೋಡೆಗೆ ಹೋಗುವ ಸಣ್ಣ ಪ್ಲಾಸ್ಟಿಕ್ ಪೈಪ್ ತೋರಿಸಿ, ಅದರೊಳಗೆ ನೀರು ಮಂಜುಗಟ್ಟಿದೆ, ಹಾಟ್ ವಾಟರ್ ಬ್ಯಾಗ್ ಕಟ್ಟಿ ಬಿಸಿ ಮಾಡಿ ಅಂದರು.

ಇದು ಗೊತ್ತಿರಬೇಕಾದ ಸಂಗತಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರಿಂದ ಈಚೆಗೆ ಹಾಕಿರುವ ಗ್ಯಾಸ್ ಬಾಯ್ಲರ್‌ಗಳು ಹೆಚ್ಚುಕಮ್ಮಿ ಎಲ್ಲವೂ ಕಂಡೆನ್ಸಿಂಗ್ ಬಾಯ್ಲರ್‌ಗಳು. ಹೊಗೆಯ ಜೊತೆ ಹೊರಗೆ ಹೋಗಿ ಹಾಳಾಗುವ ಶಾಖವನ್ನೂ ಅವು ಹಿಡಿದುಕೊಳ್ಳುತ್ತವೆ. ಹಾಗೆ ಹೊಗೆ ತಣ್ಣಗಾದಾಗ ಅದರಲ್ಲಿನ ಆವಿ ನೀರಾಗುತ್ತದೆ. ಆ ನೀರು ಒಂದು ಪ್ಲಾಸ್ಟಿಕ್ ಪೈಪಿನಲ್ಲಿ ಹೊರಗೆ ಹರಿದುಹೋಗಬೇಕು. ಆ ಪೈಪು ಸಣ್ಣದಿದ್ದು ಮನೆಯ ಹೊರಗೋಡೆ ಮೇಲೆ ಬಯಲಲ್ಲಿದ್ದರೆ ಚಳಿಗೆ ಒಳಗಿನ ನೀರು ಗಟ್ಟಿಯಾಗುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ, ಬಾಯ್ಲರ್ ತನ್ನಷ್ಟಕ್ಕೆ ತಾನೇ ಆಫ್ ಆಗುತ್ತದೆ. ಅಂದರೆ ಯಂತ್ರ ಕೆಟ್ಟಿರೋದೇ ಇಲ್ಲ. ಕುದಿಯುವ ನೀರು ಹಾಕಬಾರದು, ಪೈಪ್ ಬಿರುಕು ಬಿಡಬಹುದು. ಉಗುರುಬೆಚ್ಚಗಿನ ನೀರು ಸುರಿಯಬೇಕು, ಇಲ್ಲವೇ ಬಿಸಿ ಚೀಲ ಕಟ್ಟಬೇಕು. ನನ್ನ ಗಂಡ ಹಿಮದಲ್ಲಿ ನಿಂತು ಇಪ್ಪತ್ತು ನಿಮಿಷ ಅದನ್ನೇ ಮಾಡಿದರು. ಒಳಗೆ ಬಂದು ರೀಸೆಟ್ ಒತ್ತಿದರು. ಬಾಯ್ಲರ್ ಹತ್ತಿಕೊಂಡಿತು. ಅತ್ತೆ ರೇಡಿಯೇಟರ್ ಮೇಲೆ ಎರಡೂ ಕೈ ಇಟ್ಟುಕೊಂಡು ನಿಂತಿದ್ದು ಈಗಲೂ ಕಣ್ಣ ಮುಂದಿದೆ.

ಅದಾಗಿ ಐದು ವಾರಕ್ಕೆ ಇನ್ನೊಂದು. ನಲ್ಲಿಯ ನೀರು ಬಿಸಿ ಬಂದು, ತಣ್ಣಗಾಗಿ, ಮತ್ತೆ ಬಿಸಿ ಬರೋಕೆ ಶುರುವಾಯಿತು. ಈ ಸಲ ಕವರ್‌ನ ಇಂಜಿನಿಯರ್ ಮೂರನೇ ದಿನಕ್ಕೆ ಬಂದರು. ಹತ್ತು ನಿಮಿಷ ನೋಡಿ, ಒಳಗೆ ಲೈಮ್‌ಸ್ಕೇಲ್ ಕಟ್ಟಿದೆ, ಇದು ನಿಮ್ಮ ಕವರ್‌ನಲ್ಲಿ ಬರೋದಿಲ್ಲ ಅಂತ ಬರೆದು ಸಹಿ ಹಾಕಿಸಿಕೊಂಡು ಹೊರಟರು. ನನಗೆ ನಿಜವಾಗಿ ಅಳು ಬಂತು. ರೆಡಿಂಗ್‌ನ ನೀರು ಗಡಸು ನೀರು. ಇಡೀ ಥೇಮ್ಸ್ ಕಣಿವೆಯ ನೀರೇ ಹಾಗೆ, ಕೆಟಲ್ ಒಳಗೆ ನೋಡಿದರೆ ಬಿಳಿ ಪದರ ಕಾಣುತ್ತದೆ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿನಿಂದ ಗೀಸರ್ ಕಾಯಿಲ್‌ಗೆ ಉಪ್ಪು ಕಟ್ಟುತ್ತದಲ್ಲ, ಅದೇ. ಈ ಊರಿನಲ್ಲಿ ಬಾಯ್ಲರ್ ಕೆಡುವುದಕ್ಕೆ ಇರುವ ಮಾಮೂಲಿ ಕಾರಣವನ್ನೇ ಹೊರಗಿಟ್ಟ ಕವರ್‌ಗೆ ನಾವು ಮೂರು ವರ್ಷ ದುಡ್ಡು ಕಟ್ಟಿದ್ದೆವು.

ಅವತ್ತು ಸಂಜೆ ಮೆಟ್ಟಿಲ ಮೇಲೆ ಕೂತು ಆ ಕರಾರನ್ನು ಮೊದಲ ಸಲ ಪೂರ್ತಿ ಓದಿದೆ. ಎಲ್ಲವೂ ಬರೆದೇ ಇತ್ತು. ದೂರು ಕೊಟ್ಟಿದ್ದರೂ ಗೆಲ್ಲುತ್ತಿರಲಿಲ್ಲ. ಲೈಮ್‌ಸ್ಕೇಲ್‌ಗೆ ಕವರ್ ಇಲ್ಲ. ಸ್ಲಡ್ಜ್‌ಗೂ ಇಲ್ಲ, ಅಂದರೆ ರೇಡಿಯೇಟರ್ ಒಳಗಿನ ಕಬ್ಬಿಣ ತುಕ್ಕು ಹಿಡಿದು ನೀರಲ್ಲಿ ಸೇರುವ ಕಪ್ಪು ಕೆಸರು. ಕವರ್ ತಗೊಳ್ಳುವ ಮೊದಲೇ ಇದ್ದ ದೋಷ ಇಲ್ಲ. ಶುರುವಿನ ಕೆಲವು ವಾರದಲ್ಲಿ ಏನಾದರೂ ಕೆಟ್ಟರೆ ಅದಕ್ಕೂ ಇಲ್ಲ. ಬಿಡಿಭಾಗ ಮಾರುಕಟ್ಟೆಯಲ್ಲಿ ಸಿಗದಿದ್ದರೆ ಇಲ್ಲ. ರಿಪೇರಿ ಖರ್ಚು ಬಾಯ್ಲರ್‌ನ ಬೆಲೆಗಿಂತ ಜಾಸ್ತಿ ಅಂತ ಅವರಿಗೆ ಅನ್ನಿಸಿದರೆ ರಿಪೇರಿಯೂ ಇಲ್ಲ, ಹೊಸ ಬಾಯ್ಲರ್‌ಗೆ ಒಂದಿಷ್ಟು ಹಣ ಅಷ್ಟೇ. ಬಾಯ್ಲರ್ ಹಳೆಯದಾದಷ್ಟೂ ಇವುಗಳಲ್ಲಿ ಯಾವುದಾದರೊಂದು ಬಂದೇ ಬರುತ್ತದೆ. ಕಂತು ಮಾತ್ರ ಏರುತ್ತಾ ಹೋಗುತ್ತದೆ. ಇನ್ನೊಂದು ಸಂಗತಿ ಆ ರಾತ್ರಿಯೇ ಗೊತ್ತಾಗಿದ್ದು. ನಮ್ಮ ಮನೆ ವಿಮೆಯಲ್ಲಿ 'ಹೋಮ್ ಎಮರ್ಜೆನ್ಸಿ' ಅಂತ ಒಂದು ಭಾಗ ಸೇರಿಕೊಂಡಿತ್ತು, ಹೀಟಿಂಗ್ ನಿಂತರೆ ತುರ್ತು ರಿಪೇರಿ ಅದರಲ್ಲೂ ಇತ್ತು. ಒಂದೇ ಕೆಲಸಕ್ಕೆ ಎರಡು ಕಡೆ ಕಟ್ಟುತ್ತಿದ್ದೆವು.

ಮತ್ತೆ ಪಕ್ಕದ ಮನೆ ಅಜ್ಜಿಯನ್ನೇ ಕೇಳಿದೆ. ಮೂರು ಬೀದಿ ಆಚೆ ಇರುವ ಒಬ್ಬ ಗ್ಯಾಸ್ ಇಂಜಿನಿಯರ್ ನಂಬರ್ ಕೊಟ್ಟರು. ಮರುದಿನ ಬೆಳಿಗ್ಗೆ ಎಂಟಕ್ಕೆ ಬಂದರು. ಮೊದಲು ತಮ್ಮ ಗ್ಯಾಸ್ ಸೇಫ್ ಕಾರ್ಡ್ ತೋರಿಸಿದರು. (ಯಾರೇ ಬಂದರೂ ಇದನ್ನು ಕೇಳಿ ನೋಡಿ. ನೋಂದಣಿ ಇಲ್ಲದವರು ಇಲ್ಲಿ ಗ್ಯಾಸ್ ಕೆಲಸ ಮಾಡುವ ಹಾಗಿಲ್ಲ. ಕಾರ್ಡಿನ ಹಿಂದೆ ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತಲೂ ಇರುತ್ತದೆ.) ನಲ್ಲಿ ನೀರಿಗೆ ಶಾಖ ದಾಟಿಸುವ ಭಾಗಕ್ಕೆ ಹೀಟ್ ಎಕ್ಸ್‌ಚೇಂಜರ್ ಅನ್ನುತ್ತಾರೆ, ಉಪ್ಪು ಕಟ್ಟಿದ್ದ ಅದನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು, ಕಲ್ಲಿನ ಹಾಗೆ ಭಾರ ಇತ್ತು. ಹೊಸದು ಹಾಕಿ 240 ಪೌಂಡ್ ತಗೊಂಡರು.

ಅಷ್ಟಕ್ಕೇ ಹೋಗಲಿಲ್ಲ. ಚಹಾ ಕುಡಿಯುತ್ತಾ ಹೊರಗಿನ ಪೈಪ್ ನೋಡಿ, ಇದು ಇಷ್ಟು ಸಣ್ಣ ಇರಬಾರದು, ಹೊರಗಿರುವ ಭಾಗ 32 ಮಿಲಿಮೀಟರ್ ಇರಬೇಕು, ಮೇಲೆ ಫೋಮ್ ಸುತ್ತಬೇಕು ಅಂದರು. ಮುಂದಿನ ಶನಿವಾರ ಬಂದು ಬದಲಾಯಿಸಿದರು. ಬಾಯ್ಲರ್‌ನ ಪ್ರೆಶರ್ ಮುಳ್ಳು ಒಂದರಿಂದ ಒಂದೂವರೆ ಬಾರ್ ನಡುವೆ ಇರಬೇಕು, ಕೆಳಗೆ ಬಿದ್ದರೆ ಈ ಎರಡು ಕೀಲಿ ತಿರುಗಿಸಿ ನೀರು ತುಂಬಿಕೊಳ್ಳಬೇಕು ಅಂತ ನನ್ನ ಕೈಯಲ್ಲೇ ಮಾಡಿಸಿದರು. ಕಪ್ಪು ಕೆಸರು ಹಿಡಿಯೋಕೆ ಮ್ಯಾಗ್ನೆಟ್ ಇರುವ ಒಂದು ಫಿಲ್ಟರ್ ಹಾಕಿಸಿಕೊಳ್ಳಿ ಅಂದರು, ಹಾಕಿಸಿದೆವು. ಮೂರು ವರ್ಷ ಕವರ್‌ನಿಂದ ಸರ್ವೀಸ್‌ಗೆ ಬಂದವರು ಪ್ರತಿ ಸಲವೂ ಬೇರೆ ಬೇರೆ. ಅವರಲ್ಲಿ ಯಾರೂ ಆ ಪೈಪಿನ ಕಡೆ ತಿರುಗಿ ನೋಡಿರಲಿಲ್ಲ.

2023ರ ಅಕ್ಟೋಬರ್‌ನಲ್ಲಿ ನವೀಕರಣದ ಕಾಗದ ಬಂತು. 14 ಪೌಂಡ್ ಇದ್ದದ್ದು ವರ್ಷ ವರ್ಷ ಏರಿ 17, 20, 23 ಆಗಿ ಈಗ 27 ಅಂತ ಬರೆದಿತ್ತು. ಒಂದು ಹಾಳೆ ತಗೊಂಡು ಲೆಕ್ಕ ಹಾಕಿದೆ. ನಾಲ್ಕು ವರ್ಷಕ್ಕೆ 888 ಪೌಂಡ್ ಕಟ್ಟಿದ್ದೇವೆ, ಎಕ್ಸೆಸ್ ಸೇರಿ 948. ಅದಕ್ಕೆ ಸಿಕ್ಕಿದ್ದು ನಾಲ್ಕು ಸರ್ವೀಸ್, ಹೊರಗೆ ಮಾಡಿಸಿದ್ದರೆ ಒಂದಕ್ಕೆ 95ರಂತೆ 380. ಜೊತೆಗೆ ಆ ವಾಲ್ವ್ ರಿಪೇರಿ, ಹೊರಗಡೆ 280 ಆಗುತ್ತಿತ್ತು ಅಂತ ನಮ್ಮ ಇಂಜಿನಿಯರ್ ಹೇಳಿದರು. ಒಟ್ಟು 660. ಹಾಗಾದರೆ ನಾಲ್ಕು ವರ್ಷಕ್ಕೆ 288 ಪೌಂಡ್ ಜಾಸ್ತಿ ಕೊಟ್ಟೆವು.

ಈ ಲೆಕ್ಕ ನೋಡಿ ನನಗೆ ಸಿಟ್ಟು ಬರಲಿಲ್ಲ. 288 ಪೌಂಡ್‌ಗೆ ನಾಲ್ಕು ಚಳಿಗಾಲ ರಾತ್ರಿ ನಿದ್ದೆ ಮಾಡಿದೆವು ಅಂದುಕೊಂಡರೆ ಅದು ದುಬಾರಿ ಅಲ್ಲ. ಬರೀ ದುಡ್ಡಿನ ಲೆಕ್ಕದಲ್ಲಿ ಈ ಪ್ರಶ್ನೆ ಬಗೆಹರಿಯೋದಿಲ್ಲ ಅಂತ ಆಗ ಅನ್ನಿಸಿತು. ನಾವು ಕವರ್ ತಗೊಂಡಿದ್ದು ನಮಗೆ ಈ ಊರಲ್ಲಿ ಯಾರೂ ಗೊತ್ತಿಲ್ಲದ ಕಾರಣಕ್ಕೆ. ತೀರ್ಥಹಳ್ಳಿಯಲ್ಲಿ ತೋಟದ ಪಂಪ್‌ಸೆಟ್ ಸುಟ್ಟರೆ ಮಾವ ಯಾವ ಸಹಾಯವಾಣಿಗೂ ಫೋನ್ ಮಾಡೋದಿಲ್ಲ. ಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಗೆ ಫೋನ್ ಹೋಗುತ್ತದೆ. ಆ ಮೋಟಾರಿಗೆ ಹಿಂದಿನ ಸಲ ಏನಾಗಿತ್ತು, ಯಾವ ಬೇಸಿಗೆಯಲ್ಲಿ ಆಗಿತ್ತು ಅಂತ ಅಂಗಡಿಯವರಿಗೇ ನೆನಪಿರುತ್ತದೆ. ಅಂಥ ಒಬ್ಬ ಮನುಷ್ಯ ಸಿಗೋವರೆಗೆ ನಮಗೆ ಒಂದು ಆಸರೆ ಬೇಕಿತ್ತು, ತಿಂಗಳಿಗಿಷ್ಟು ಅಂತ ಅದನ್ನು ಕೊಂಡೆವು. ಈಗ ಮೂರು ಬೀದಿ ಆಚೆ ಆ ಮನುಷ್ಯ ಸಿಕ್ಕಿದ್ದಾರೆ. ಅದಕ್ಕೇ ನಿಲ್ಲಿಸಿದೆವು.

ನಿಲ್ಲಿಸಿದ ತಿಂಗಳಿಂದಲೇ ಆ 27 ಪೌಂಡನ್ನು ಒಂದು ಬೇರೆ ಖಾತೆಗೆ ಹಾಕುತ್ತಾ ಬಂದಿದ್ದೇವೆ. ಇದನ್ನು ಮಾಡದೆ ಸುಮ್ನೆ ಕವರ್ ನಿಲ್ಲಿಸೋದು ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ. ಉಳಿದ ದುಡ್ಡು ಎಲ್ಲೋ ಖರ್ಚಾಗಿ ಹೋಗುತ್ತದೆ, ಬಾಯ್ಲರ್ ಕೆಟ್ಟ ದಿನ ಕ್ರೆಡಿಟ್ ಕಾರ್ಡ್ ಹುಡುಕಬೇಕಾಗುತ್ತದೆ. ಸರ್ವೀಸನ್ನು ಪ್ರತಿ ಸೆಪ್ಟೆಂಬರ್‌ನಲ್ಲೇ ಮಾಡಿಸುತ್ತೇವೆ. ಡಿಸೆಂಬರ್‌ನಲ್ಲಿ ಯಾವ ಇಂಜಿನಿಯರ್‌ಗೂ ಪುರುಸೊತ್ತು ಇರೋದಿಲ್ಲ.

ಪಕ್ಕದ ಮನೆ ಅಜ್ಜಿ ಮಾತ್ರ ತಮ್ಮ ಕವರ್ ಬಿಟ್ಟಿಲ್ಲ. ಬಿಡಬೇಡಿ ಅಂತಲೇ ನಾನೂ ಹೇಳುತ್ತೇನೆ. ಅವರಿಗೆ ನಾಲ್ಕು ಕಡೆ ಫೋನ್ ಮಾಡಿ ರೇಟು ಕೇಳಿ ಯಾರನ್ನೋ ಹುಡುಕುವ ಶಕ್ತಿ ಈಗ ಇಲ್ಲ. ಆ ಇಂಜಿನಿಯರ್ ರಜೆಯಲ್ಲಿ ಹೋಗಿರಬಹುದು. ಒಂದು ನಂಬರ್ ಫ್ರಿಜ್ ಮೇಲೆ ಅಂಟಿಸಿದ್ದಾರೆ, ಅದಕ್ಕೆ ಫೋನ್ ಮಾಡಿದರೆ ಬೇಗವೋ ನಿಧಾನವೋ ಯಾರಾದರೂ ಬರುತ್ತಾರೆ. ಗ್ಯಾಸ್ ಪೂರೈಸುವ ಕಂಪನಿಯಲ್ಲಿ ವಯಸ್ಸಾದವರಿಗೆ, ಕಾಯಿಲೆ ಇರುವವರಿಗೆ, ಪುಟ್ಟ ಮಕ್ಕಳಿರುವ ಮನೆಯವರಿಗೆ ಅಂತಲೇ ಒಂದು ಪುಕ್ಕಟೆ ಪಟ್ಟಿ ಇದೆ, ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರ್ ಅಂತ. ಅದರಲ್ಲಿ ಅವರ ಹೆಸರು ಸೇರಿಸೋಕೆ ನಾನೇ ಸಹಾಯ ಮಾಡಿದೆ. ಗ್ಯಾಸ್ ವಾಸನೆ ಬಂದರೆ ಕರೆಯಬೇಕಾದ 0800 111 999 ನಂಬರನ್ನೂ ಫ್ರಿಜ್ ಮೇಲೆ ಬರೆದಿಟ್ಟೆ. ಅದಕ್ಕೆ ಯಾವ ಕವರೂ ಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆಯಬಹುದು.

ಈಗ ಸ್ವಿಂಡನ್ ಗೆಳತಿಗೆ ಯಾಕೆ ತಗೋ ಅಂದೆ ಅಂತ ಹೇಳಬೇಕಾಗಿಲ್ಲ ಅನ್ನಿಸುತ್ತದೆ. ಐದು ತಿಂಗಳ ಮಗು. ಕೈಯಲ್ಲಿ ದುಡ್ಡಿಲ್ಲ. ಬಾಯ್ಲರ್ ಹತ್ತು ವರ್ಷದ್ದು. ಊರಿಗೆ ಬಂದು ಮೂರು ವಾರ. 2019ರಲ್ಲಿ ನಾವು ನಿಂತಿದ್ದ ಜಾಗದಲ್ಲೇ ಅವಳು ನಿಂತಿದ್ದಾಳೆ. ಆದರೆ ನಾವು ಮಾಡಿದ ಹಾಗೆ ಓದದೆ ಸಹಿ ಹಾಕೋದು ಬೇಡ. ಸ್ವಿಂಡನ್ ನೀರೂ ಗಡಸೇ, ಹಾಗಾಗಿ ಮೊದಲು ಲೈಮ್‌ಸ್ಕೇಲ್ ಬಗ್ಗೆ ಏನು ಬರೆದಿದೆ ಅಂತ ನೋಡಬೇಕು. ಮನೆ ವಿಮೆಯಲ್ಲಿ ಇದು ಆಗಲೇ ಸೇರಿದೆಯಾ ನೋಡಬೇಕು. ಹತ್ತು ವರ್ಷದ ಬಾಯ್ಲರ್‌ಗೆ ಪೂರ್ತಿ ರಿಪೇರಿ ಕೊಡುತ್ತಾರಾ, ಬಿಡಿಭಾಗ ಸಿಗದಿದ್ದರೆ ಏನು, ಒಂದು ಸಲಕ್ಕೆ ಎಷ್ಟು ಪೌಂಡ್‌ವರೆಗೆ ಕೊಡುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಬೇಕು. ಕಂಪನಿಯವರ ಪಾಲಿಸಿ ವಿಮೆಯ ರೂಪದ್ದಾದರೆ ತಗೊಂಡ ಮೇಲೂ 14 ದಿನದೊಳಗೆ ರದ್ದು ಮಾಡುವ ಹಕ್ಕು ಇದೆ. ಆ 14 ದಿನ ಇರೋದೇ ಓದೋದಕ್ಕೆ. ಜೊತೆಗೆ ಮಗುವಿನ ಗುಂಪಿನಲ್ಲೋ, ಕ್ಲಿನಿಕ್‌ನಲ್ಲೋ ಪರಿಚಯ ಆದವರನ್ನೆಲ್ಲ ನಿಮ್ಮ ಬಾಯ್ಲರ್ ಯಾರು ನೋಡುತ್ತಾರೆ ಅಂತ ಈಗಿನಿಂದಲೇ ಕೇಳುತ್ತಾ ಇರಲಿ.

ಇಷ್ಟನ್ನೂ ನಿನ್ನೆ ರಾತ್ರಿ ಫೋನಲ್ಲಿ ಹೇಳಿದೆ. "ನಿಮ್ಮ ಇಂಜಿನಿಯರ್ ನಂಬರೇ ಕೊಡು, ಅವರನ್ನೇ ಕರೆಸ್ತೀನಿ" ಅಂದಳು. ಅವರು ಅಷ್ಟು ದೂರ ಬರೋದಿಲ್ಲ ಅಂದೆ. ಕವರ್‌ನ ಕರಾರಿನ ಕಾಗದ ತೆರೆದು ಓದೋಕೆ ಶುರು ಮಾಡಿದಳು. ಮಗು ಮಡಿಲಲ್ಲಿತ್ತು ಅನ್ನಿಸುತ್ತದೆ, ಸಣ್ಣ ದನಿಯಲ್ಲೇ ಓದುತ್ತಿದ್ದಳು. ನಾಲ್ಕನೇ ಪುಟಕ್ಕೆ ಬಂದಾಗ ನಿಲ್ಲಿಸಿ, "ಸ್ಲಡ್ಜ್ ಅಂದರೇನೇ?" ಅಂದಳು. ಬಗ್ಗಡ ಅಂದೆ. "ಓ, ಬಗ್ಗಡವಾ" ಅಂತ ಅದರ ಪಕ್ಕದಲ್ಲಿ ಬರೆದುಕೊಂಡು ಮುಂದೆ ಓದಿದಳು.